ಅಂಗಡಿಯಿಂದ ಅಂಗಳಕ್ಕೆ

ಕಾಸರಗೋಡಿನ ನಮ್ಮ ಹಳ್ಳಿಗಳಲ್ಲಿ ಮನೆಗಳು ಬೀದಿಯ ಇಕ್ಕೆಲಗಳಲ್ಲಿ ಸಾಲಾಗಿ ನಿಂತಿಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ. ಮನೆಗೂ ಮಾರ್ಗಕ್ಕೂ ನಡುವೆ ಒಂದು ಗುಡ್ಡ, ಒಂದು ತೋಡು, ತೋಡಿಗೊಂದು ಅಡಕೆ ಮರದ ಸಂಕ. ಇಂತಹ ನೆಲದಲ್ಲಿ ಸರಕನ್ನು ಮಂಗಳೂರಿಗೆ ಕಳುಹಿಸುವುದಕ್ಕಿಂತ ನೆರೆಗ್ರಾಮದ ಅಂಗಳಕ್ಕೆ ಮುಟ್ಟಿಸುವುದೇ ಕಠಿಣವೆಂದರೆ ಅತಿಶಯೋಕ್ತಿಯಲ್ಲ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನೂ ಆತನ ಪತ್ನಿಯೂ ಹಲಸಿನ ಹಪ್ಪಳ, ಮಾಂಬಳಗಳನ್ನು ಮಾಡಿ ಮಾರುತ್ತಾರೆ. ಕಳೆದ ಮಳೆಗಾಲದಲ್ಲಿ ಆತ ಶಾಲೆಗೆ ಬಂದು, "ಮಾಷ್ಟ್ರೇ, ಹಪ್ಪಳದ ಕಟ್ಟು ಹಿಂದಕ್ಕೆ ಬಂತು" ಎಂದು ಖಿನ್ನನಾಗಿ ನುಡಿದ. ಕಳುಹಿಸಿದ್ದು ಹದಿನೈದು ಕಿಲೋಮೀಟರು ದೂರದ ವೃದ್ಧೆಯೊಬ್ಬರಿಗೆ. ಕೊರಿಯರಿನ ಹುಡುಗ ಮಾರ್ಗದ ಬದಿಯಲ್ಲೇ ನಿಂತು ಫೋನು ಮಾಡಿದ್ದ. ತೋಟದ ತಗ್ಗಿನಲ್ಲಿ ಸಿಗ್ನಲ್ ಇರಲಿಲ್ಲ. 'ಮನೆಯಲ್ಲಿ ಯಾರೂ ಇಲ್ಲ' ಎಂದು ಬರೆದು ಹಿಂದಿರುಗಿಸಿದ. ಹೊಸ್ತಿಲು ದಾಟದ ಆ ಅಜ್ಜಿಯಾದರೋ, ಹಣ ಪಡೆದೂ ಸರಕು ಕೊಡಲಿಲ್ಲವೆಂದು ನೊಂದುಕೊಂಡರು. ಕೆಟ್ಟದ್ದು ಹಪ್ಪಳ ಮಾಡಿದವರ ಹೆಸರು.

ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಕಟ್ಟೊಂದಕ್ಕೆ ಸಾಗಣೆ 50 ರೂಪಾಯಿ ಎಂದಿಟ್ಟುಕೊಳ್ಳಿ. 20 ಕಟ್ಟುಗಳಲ್ಲಿ ಎರಡು ಹಿಂದಿರುಗಿದರೆ, ಮರಳಿ ತರುವ ಮತ್ತು ಪುನಃ ಕಳುಹಿಸುವ ಖರ್ಚು 200 ರೂಪಾಯಿ. ಐವತ್ತರ ದರ ಅರುವತ್ತಾಯಿತು. ಪುಡಿಯಾದ ಹಪ್ಪಳದ, ಕಳೆದುಕೊಂಡ ವಿಶ್ವಾಸದ ಬೆಲೆ ಬೇರೆ. ಆದುದರಿಂದ ಕೇಳಬೇಕಾದ ಪ್ರಶ್ನೆ 'ಯಾರ ದರ ಕಡಿಮೆ?' ಎಂಬುದಲ್ಲ; 'ಸಂಕ ದಾಟುವವರು ಯಾರು?' ಎಂಬುದು.

1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್ ಕೋಡಿನಲ್ಲಿ ಮೊದಲ ಅಂಕಿ ವಲಯವನ್ನೂ ಕೊನೆಯ ಮೂರು ಅಂಕಿಗಳು ಬಟವಾಡೆಯ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಅಲ್ಲಿಂದ ಅಂಗಳದವರೆಗೆ ಅಂಚೆಯವನ ನೆನಪೇ ದಾರಿ. 2025ರಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್, ಸುಮಾರು ನಾಲ್ಕು ಮೀಟರು ಚೌಕದ ನೆಲಕ್ಕೂ ಹತ್ತಕ್ಷರದ ಗುರುತು ಕೊಡುತ್ತದೆ. ಮನೆ ಎಲ್ಲಿದೆಯೆಂದು ಅದು ಹೇಳೀತು. ಸಂಕ ಯಾವ ಬದಿಗಿದೆಯೆಂದು ಹೇಳದು.

ಕೊನೆಗೆ ನಾವು ಮೂರು ದಾರಿಗಳನ್ನು ನಿಶ್ಚಯಿಸಿದೆವು. ಹತ್ತಿರದ ಮನೆಗಳಿಗೆ ಶನಿವಾರ ಆತನೇ ಸ್ಕೂಟರಿನಲ್ಲಿ ಒಯ್ಯುವುದು. ಆದರೆ ಒಂದೇ ದಾರಿಯಲ್ಲಿ ಹತ್ತು ಮನೆಗಳಾದರೂ ಕೂಡಿದಾಗ ಮಾತ್ರ, ಇಲ್ಲವಾದರೆ ಒಂದು ದಿನದ ದುಡಿಮೆ ನಷ್ಟ. ಬಸ್ಸು ಹೋಗುವ ಊರುಗಳಿಗೆ ಪರಿಚಯದ ಅಂಗಡಿಯೊಂದರಲ್ಲಿ ಇಳಿಸಿ, ಅಂಗಡಿಯವರಿಗೆ ಕಟ್ಟಿಗಿಷ್ಟೆಂದು ಕೊಡುವುದು. ದೂರದೂರುಗಳಿಗೆ ಅಂಚೆ.

ವಿಳಾಸದ ಮಾತನ್ನೂ ಹೇಳಲೇಬೇಕು. ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ 'ಕಾನ'ವೂ 'ಕಣ'ವೂ ಒಂದೇ ಆಗಿಬಿಡುತ್ತವೆ; ಕಟ್ಟು ಒಂದು ಗುಡ್ಡಕ್ಕೆ ಬದಲು ಇನ್ನೊಂದು ಗುಡ್ಡ ಹತ್ತುತ್ತದೆ. ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಈ ಭೇದ ಸ್ಪಷ್ಟ. ಮನೆಯ ಹೆಸರನ್ನು ಎರಡೂ ಲಿಪಿಗಳಲ್ಲಿ ಬರೆದು, ಕೆಳಗೆ 'ಭಜನಾ ಮಂದಿರದ ಎಡಕ್ಕೆ, ಸಂಕ ದಾಟಿ' ಎಂಬಂತೆ ಗುರುತು ನೀಡಲು ಸೂಚಿಸಿದೆವು. ನಮ್ಮ ಮಕ್ಕಳಿಗೆ ಮನೆಯ ಹೆಸರನ್ನು ಕನ್ನಡದಲ್ಲಿ ತಪ್ಪಿಲ್ಲದೆ ಬರೆಯಲು ಕಲಿಸುವುದು ಅಭಿಮಾನಕ್ಕಾಗಿ ಮಾತ್ರವಲ್ಲ, ಹೊಟ್ಟೆಪಾಡಿಗೂ ಬೇಕಾದ ವಿದ್ಯೆ.

ಮೊದಲ ಶನಿವಾರ ಆತ ಹೋದದ್ದು ಆ ಅಜ್ಜಿಯ ಮನೆಗೆ. ಅವರು ಕಟ್ಟನ್ನು ಬಿಚ್ಚುವ ಮೊದಲೇ ಬೆಲ್ಲ, ನೀರು ತಂದಿಟ್ಟರಂತೆ. ವ್ಯಾಪಾರ ಮಾಡುವ ನಮ್ಮ ಬಂಧುಗಳು ಒಮ್ಮೆಯಾದರೂ ತಮ್ಮ ಸರಕಿನ ಹಿಂದೆ ತಾವೇ ನಡೆದು ನೋಡಲಿ. ಯಾವ ದಾರಿ ಹಿಡಿಯಬೇಕೆಂಬುದು ಆಗ ತಾನೇ ತಿಳಿದೀತು.