ಕಸಿ ಕಿಡ್ನಿಯ ಮೂತ್ರನಾಳ ಕಿರಿದಾದರೆ: ಬಲೂನು ಸಾಕೇ, ಆಪರೇಷನ್ ಬೇಕೇ?

ಕಸಿಯಾಗಿ ಒಂದೆರಡು ತಿಂಗಳಿಗೆ ಕ್ರಿಯಾಟಿನಿನ್ ಏರತೊಡಗಿದರೆ ಮನೆಯವರಿಗೆಲ್ಲ ಮೊದಲು ಹೊಳೆಯುವುದು ರಿಜೆಕ್ಷನ್. ಕೆಲವರಲ್ಲಿ ತೊಂದರೆ ಇರುವುದು ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳದಲ್ಲಿ. ಅದು ಕಿರಿದಾಗಿ ಮೂತ್ರ ಹಿಂದೆ ನಿಂತಿರುತ್ತದೆ. ಕಸಿಯ ಹೊತ್ತಿಗೆ ನರಗಳು ಕಡಿದುಹೋಗಿರುವುದರಿಂದ ನೋವು ಕಾಣುವುದು ಅಪರೂಪ. ಸ್ಕ್ಯಾನ್ ಮಾಡಿದಾಗಲೇ ಕಿಡ್ನಿ ಊದಿರುವುದು ಗೊತ್ತಾಗುವುದು. ಹೊಟ್ಟೆಯ ಮೂಲಕ ಸಣ್ಣ ಕೊಳವೆ ಇಳಿಸಿ ಮೂತ್ರವನ್ನು ಚೀಲಕ್ಕೆ ಹರಿಸಬೇಕೆಂಬುದರಲ್ಲಿ ಹೆಚ್ಚು ತಕರಾರಿಲ್ಲ. ಜಗಳ ಇರುವುದು ಮುಂದಿನ ಹೆಜ್ಜೆಯಲ್ಲಿ.

ಪರ: ಬಲೂನೇ ಮೊದಲು

ಕಸಿ ಕಿಡ್ನಿಯನ್ನು ಕೂರಿಸುವುದು ಕಿಬ್ಬೊಟ್ಟೆಯ ಒಂದು ಪಕ್ಕ, ಚರ್ಮಕ್ಕೆ ತೀರ ಹತ್ತಿರ. ಕೊಳವೆ ಇಳಿಸಿದ ದಾರಿಯಲ್ಲೇ ತೆಳು ತಂತಿಯೊಂದನ್ನು ಕಿರಿದಾದ ಜಾಗ ದಾಟಿಸಿ, ಅದರ ಮೇಲೆ ಬಲೂನು ಜಾರಿಸಿ ಊದಿಸುತ್ತಾರೆ. ಎಕ್ಸ್‌ರೇ ಪರದೆಯಲ್ಲಿ ಬಲೂನಿನ ನಡುವೆ ಮೊದಲು ಬಿಗಿದ ಕಟ್ಟು ಕಾಣುತ್ತದೆ. ಒತ್ತಡ ಏರಿದಂತೆ ಅದು ಬಿಚ್ಚಿಕೊಳ್ಳುತ್ತದೆ. ಒಳಗೆ ಡಿಜೆ ಸ್ಟೆಂಟ್ ಎಂಬ ತೆಳು ಕೊಳವೆ ಇಟ್ಟು ಕೆಲವು ವಾರಗಳ ಬಳಿಕ ತೆಗೆಯುತ್ತಾರೆ.

ರೋಗನಿರೋಧ ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್, ಸ್ಟೆರಾಯ್ಡ್ ನುಂಗುತ್ತಿರುವ ಮೈಯಲ್ಲಿ ಗಾಯ ಮಾಯುವುದು ನಿಧಾನ, ಸೋಂಕು ಹತ್ತುವುದು ಬೇಗ. ಕಲೆಗಟ್ಟಿದ ಜಾಗದಲ್ಲಿ ಮತ್ತೆ ಕತ್ತರಿ ಆಡಿಸುವಾಗ ಕಿಡ್ನಿಯ ರಕ್ತನಾಳಕ್ಕೆ ಪೆಟ್ಟಾದರೆ, ಉಳಿಸಹೊರಟ ಕಿಡ್ನಿಯೇ ಹೋದೀತು. ಕಸಿಯಾದ ಮೂರು ತಿಂಗಳೊಳಗೆ ಕಾಣಿಸಿಕೊಂಡ, ಒಂದು ಸೆಂಟಿಮೀಟರ್ ಆಸುಪಾಸಿನ ತಡೆಗೆ ಬಲೂನು ಸಾಕಾಗುವುದುಂಟು. ಹಾಗಿರುವಾಗ ಹೊಟ್ಟೆ ತೆರೆಯುವ ಅವಸರ ಏಕೆ?

ವಿರೋಧ: ಬೇರಿಗೆ ಮದ್ದು ಆಪರೇಷನ್ನೇ

ಹುಟ್ಟಿನಿಂದ ಬಂದ ಮೂತ್ರನಾಳಕ್ಕೆ ದಾರಿಯುದ್ದಕ್ಕೂ ಹಲವು ಕಡೆಯಿಂದ ರಕ್ತ ಸಿಗುತ್ತದೆ. ಕಸಿಯ ನಾಳಕ್ಕೆ ಸಿಗುವುದು ಕಿಡ್ನಿಯ ಕಡೆಯಿಂದ ಬರುವ ಕವಲುಗಳಿಂದ ಮಾತ್ರ. ಮೂತ್ರಕೋಶಕ್ಕೆ ಹೊಲಿದ ತುದಿ ಆ ಮೂಲದಿಂದ ಬಲು ದೂರ. ಹೆಚ್ಚಿನ ತಡೆಗಳು ಹುಟ್ಟುವುದು ಅಲ್ಲೇ: ರಕ್ತ ಸಾಲದೆ ಅಂಗಾಂಶ ಸೊರಗಿ ಕಲೆಗಟ್ಟುತ್ತದೆ. ಬಲೂನು ಆ ಕಲೆಯನ್ನು ಸೀಳುತ್ತದೆ, ರಕ್ತವನ್ನು ತಂದುಕೊಡುವುದಿಲ್ಲ. ಸೀಳಿದ್ದು ಮತ್ತೆ ಕಲೆಗಟ್ಟಬಹುದು. ಆಗ ಇನ್ನೊಂದು ಬಲೂನು, ಮೂರರಿಂದ ಆರು ತಿಂಗಳಿಗೊಮ್ಮೆ ಸ್ಟೆಂಟ್ ಬದಲಾವಣೆ, ನಡುವೆ ಚಳಿಜ್ವರ, ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್. ಪ್ರತಿ ಸೋಂಕೂ ಕಿಡ್ನಿಯಿಂದ ಒಂದಿಷ್ಟನ್ನು ಕಿತ್ತುಕೊಳ್ಳಬಲ್ಲದು. ನಮ್ಮ ದೇಶದಲ್ಲಿ ಕಿಡ್ನಿ ಕೊಡುವವರು ಬಹುಪಾಲು ತಾಯಿಯೋ ಹೆಂಡತಿಯೋ ಇನ್ಯಾರೋ ಮನೆಯವರೋ. ಅವರು ಕೊಟ್ಟದ್ದು ಹೀಗೆ ಸವೆಯಬಾರದು.

ಸರ್ಜನ್ ಕೆಟ್ಟ ತುಂಡನ್ನು ಕತ್ತರಿಸಿ, ಆರೋಗ್ಯವಾದ ನಾಳವನ್ನು ಮೂತ್ರಕೋಶಕ್ಕೆ ಮತ್ತೆ ಹೊಲಿಯುತ್ತಾರೆ. ಉದ್ದ ಸಾಲದಿದ್ದರೆ ಮೂತ್ರಕೋಶವನ್ನೇ ಮೇಲಕ್ಕೆಳೆದು ಕಟ್ಟುತ್ತಾರೆ, ಇಲ್ಲವೇ ಅದರ ಗೋಡೆಯಿಂದ ಪಟ್ಟಿ ಸೀಳಿ ಕೊಳವೆ ಮಾಡುತ್ತಾರೆ. ಬೋವಾರಿ ಫ್ಲ್ಯಾಪ್ ಎಂದರೆ ಇದೇ. ಇನ್ನೊಂದು ದಾರಿ ನನಗೆ ತುಂಬ ಮೆಚ್ಚಿನದು: ರೋಗಿಯ ಹಳೆಯ ಕಿಡ್ನಿ ಕೆಲಸ ಬಿಟ್ಟಿದ್ದರೂ ಅದರ ನಾಳ ಚೆನ್ನಾಗಿದ್ದರೆ, ಅದನ್ನೇ ಹೊಸ ಕಿಡ್ನಿಗೆ ಜೋಡಿಸುವುದು. ತಡೆ ಉದ್ದವಿದ್ದಾಗ, ತಡವಾಗಿ ಬಂದಾಗ, ಬಲೂನು ಒಮ್ಮೆ ಸೋತಾಗ ಹೆಚ್ಚು ಕಾಲ ಬಾಳುವುದು ಇಂಥ ಜೋಡಣೆಯೇ.

ಹೃದಯ ದುರ್ಬಲವಾಗಿ ಅರಿವಳಿಕೆ ತಾಳಲಾರದವರ ಮಾತು ಬೇರೆ. ಅವರಿಗೆ ಸ್ಟೆಂಟೇ ಆಸರೆ. ಬಿಕೆ ವೈರಸ್ಸಿನಿಂದ ನಾಳ ಕೆಟ್ಟಿದ್ದರೆ ರೋಗನಿರೋಧ ತಗ್ಗಿಸುವ ಮಾತ್ರೆಗಳ ಪ್ರಮಾಣವನ್ನೂ ನೆಫ್ರಾಲಜಿಸ್ಟ್ ಮತ್ತೆ ತೂಗಬೇಕು. ಮಿಕ್ಕವರಿಗೆ, ತಡೆ ಚಿಕ್ಕದಿದ್ದು ಬೇಗ ಸಿಕ್ಕಿದ್ದರೆ, ಬಲೂನಿಗೆ ಒಂದು ಅವಕಾಶ ಕೊಡಲು ನನ್ನ ಒಪ್ಪಿಗೆಯಿದೆ. ಎರಡನೆಯದಕ್ಕಿಲ್ಲ. ಸ್ಟೆಂಟ್ ತೆಗೆಯುವ ದಿನಾಂಕ, ತಡೆ ಮರಳಿದರೆ ಆಪರೇಷನ್ ಯಾರು ಮಾಡುತ್ತಾರೆ ಎಂಬುದು, ಇವೆರಡೂ ಮೊದಲ ಬಲೂನಿನ ದಿನವೇ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರಬೇಕು.