ಗಣಕದೊಳಗಿನ ಫೋನು, ಹೊಲದ ಸಾಕ್ಷ್ಯ

ಶಿಕಾರಿಪುರ, ಸೊರಬ ತಾಲೂಕುಗಳ ಕಂದಾಯ ಕಡತಗಳಲ್ಲಿ ಬಗರ್‌ಹುಕುಂ ಎಂಬ ಶಬ್ದಕ್ಕಿರುವ ತೂಕ ಬೇರೆ ಶಬ್ದಕ್ಕಿಲ್ಲ. 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದ ಕಾಗೋಡು ಇರುವುದು ನೆರೆಯ ಸಾಗರ ತಾಲೂಕಿನಲ್ಲಿ. ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಈ ಎರಡು ತಾಲೂಕುಗಳಲ್ಲಿ, ಹುಕುಂ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನು ಸಕ್ರಮವಾಗುವುದೆಂದು ಎದುರು ನೋಡಿದ ಕುಟುಂಬಗಳು ಅನೇಕ. 1991ರಲ್ಲಿ ನಮೂನೆ 50, 1998–99ರಲ್ಲಿ ನಮೂನೆ 53, 2018–19ರಲ್ಲಿ ನಮೂನೆ 57 ಎಂದು ಸರ್ಕಾರ ಮೂರು ಬಾರಿ ಅರ್ಜಿ ಕರೆಯಿತು. ತಂದೆ ಹಾಕಿದ ಅರ್ಜಿಯ ಕಡತವನ್ನು ಮಗ ಹುಡುಕಿಕೊಂಡು ಅಲೆಯುವ ಸ್ಥಿತಿ ಈ ಭಾಗಕ್ಕೆ ಹೊಸದಲ್ಲ.

ಈ ಹಳೆಯ ಪ್ರಶ್ನೆಗೆ ಕಂದಾಯ ಇಲಾಖೆ ಹೊಸದೊಂದು ಸಾಧನ ತಂದಿತು. 2023–24ರಲ್ಲಿ ಬಗರ್‌ಹುಕುಂ ಆ್ಯಪ್ ಬಳಕೆಗೆ ಬಂತು. ಗ್ರಾಮ ಆಡಳಿತ ಅಧಿಕಾರಿ ಜಮೀನಿಗೆ ತೆರಳಿ ಅದರ ಎಲ್ಲೆಯನ್ನು ಮೊಬೈಲಿನಲ್ಲಿ ಗುರುತಿಸುವುದು, ಅದನ್ನು ಉಪಗ್ರಹ ಚಿತ್ರದೊಂದಿಗೆ ತಾಳೆ ನೋಡುವುದು, ನಂತರ ಅರ್ಜಿಯನ್ನು ತಾಲೂಕು ಸಮಿತಿಯ ಮುಂದಿಡುವುದು ಇದರ ಕ್ರಮ. ಇದಕ್ಕೂ ಮೊದಲು, 2017ರಿಂದ, ಬೆಳೆ ಸಮೀಕ್ಷೆಯೂ ಮೊಬೈಲಿಗೆ ಬಂದಿತ್ತು. 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ಚಿತ್ರವನ್ನು ಅಪ್‌ಲೋಡ್ ಮಾಡುವ ಅವಕಾಶವೂ ದೊರೆಯಿತು. ಪಹಣಿಯ ಬೆಳೆ ಕಾಲಂ, ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ಈ ಸಮೀಕ್ಷೆಯೇ ಆಧಾರ. ಶಿರಾಳಕೊಪ್ಪದ ಮೆಕ್ಕೆಜೋಳದ ರೈತನಿರಲಿ, ಆನವಟ್ಟಿಯ ಭತ್ತದ ರೈತನಿರಲಿ, ಅವನ ಹೊಲದ ಬಗ್ಗೆ ಸರ್ಕಾರಕ್ಕೆ ತಿಳಿಯುವುದು ಒಂದು ಫೋನು ಹೇಳಿದಷ್ಟೇ.

ಹಾಗಾದರೆ ಆ ಫೋನು ನಿಜಕ್ಕೂ ಫೋನೇ ಆಗಿರುತ್ತದೆಯೇ? ಈ ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಮೊಬೈಲಿನ ಕಾರ್ಯಾಚರಣಾ ವ್ಯವಸ್ಥೆಯನ್ನು ಮೇಜಿನ ಮೇಲಿನ ಗಣಕಯಂತ್ರದಲ್ಲೇ ನಡೆಸುವ ವಿದ್ಯೆ ತಿಳಿದವರಿಗೆ ಇದು ತೀರ ಸಾಮಾನ್ಯ ಪ್ರಶ್ನೆ. ಇಂದು ಜಮೀನಿನ ಸಾಕ್ಷ್ಯವೇ ಮೊಬೈಲಿಗೆ ಅಂಟಿಕೊಂಡಿರುವಾಗ ಇದು ತಂತ್ರಜ್ಞರ ಪ್ರಶ್ನೆಯಾಗಿ ಮಾತ್ರ ಉಳಿಯುವಂತಿಲ್ಲ.

ಯಂತ್ರದೊಳಗೊಂದು ಯಂತ್ರ

ಒಂದೇ ಗಣಕದಲ್ಲಿ ಹಲವು ಗಣಕಗಳಿರುವಂತೆ ತೋರಿಸುವ ವರ್ಚುವಲ್ ಮಷಿನ್ ಎಂಬ ಕಲ್ಪನೆ ಹೊಸದಲ್ಲ. ಐಬಿಎಂ ಸಂಸ್ಥೆ 1972ರಲ್ಲೇ ತನ್ನ ದೊಡ್ಡ ಗಣಕಗಳಿಗೆ ಇಂಥ ತಂತ್ರಾಂಶವನ್ನು ಪ್ರಕಟಿಸಿತ್ತು. ಮನೆಯ ಗಣಕಕ್ಕೆ ಈ ವಿದ್ಯೆ ಬಂದದ್ದು 1999ರಲ್ಲಿ ವಿಎಂವೇರ್ ಮೂಲಕ. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಇದಕ್ಕೆ ಬೇಕಾದ ಸೌಲಭ್ಯವನ್ನು ಪ್ರೊಸೆಸರಿನಲ್ಲೇ ಒದಗಿಸಿದವು. 2007ರಲ್ಲಿ ಬಂದ ವರ್ಚುವಲ್‌ಬಾಕ್ಸ್ ಇದನ್ನು ಹಣ ಕೊಡದ ಬಳಕೆದಾರನಿಗೂ ತಲುಪಿಸಿತು.

ಆಂಡ್ರಾಯ್ಡ್ ವಿಷಯದಲ್ಲಂತೂ ಇತಿಹಾಸವೇ ತಿರುವುಮುರುವು. ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದದ್ದು 2008ರ ಅಕ್ಟೋಬರಿನಲ್ಲಿ. ಅದಕ್ಕೆ ಸುಮಾರು ಒಂದು ವರ್ಷ ಮೊದಲೇ, 2007ರ ನವೆಂಬರಿನಲ್ಲಿ, ಗೂಗಲ್ ತಂತ್ರಾಂಶ ಬರೆಯುವವರಿಗೆಂದು ಬಿಡುಗಡೆ ಮಾಡಿದ ಸಲಕರಣೆಯಲ್ಲಿ ಗಣಕದ ಪರದೆಯ ಮೇಲೆ ಓಡುವ ಆಂಡ್ರಾಯ್ಡ್ ಇತ್ತು. ಎಂದರೆ ಹೊರಗಿನ ಜಗತ್ತು ಆಂಡ್ರಾಯ್ಡನ್ನು ಮೊದಲು ಕಂಡದ್ದೇ ಗಣಕದೊಳಗೆ. 2009ರಲ್ಲಿ ಆರಂಭವಾದ ಆಂಡ್ರಾಯ್ಡ್-ಎಕ್ಸ್86 ಯೋಜನೆ ಅದನ್ನು ಸಾಮಾನ್ಯ ಪಿಸಿಯಲ್ಲೂ ವರ್ಚುವಲ್ ಮಷಿನ್‌ನಲ್ಲೂ ನಡೆಯುವಂತೆ ಮಾಡಿತು. ಆಟವಾಡುವ ಹುಡುಗರಿಗೆ ಬ್ಲೂಸ್ಟ್ಯಾಕ್ಸ್ ಪರಿಚಿತ ಹೆಸರು. ಮೈಕ್ರೋಸಾಫ್ಟ್ ಕೂಡ 2021ರಲ್ಲಿ ವಿಂಡೋಸ್ 11ಕ್ಕೆ ಇಂಥ ಸೌಲಭ್ಯ ಸೇರಿಸಿ, 2025ರ ಮಾರ್ಚಿನಲ್ಲಿ ಅದಕ್ಕೆ ತೆರೆ ಎಳೆಯಿತು. ಆ್ಯಪಲ್ ಮಾತ್ರ ತನ್ನ ಐಫೋನಿನ ವ್ಯವಸ್ಥೆಯನ್ನು ಬೇರೆಯವರ ಗಣಕಕ್ಕೆ ಬಿಟ್ಟುಕೊಟ್ಟಿಲ್ಲ.

ಇದನ್ನು ನಡೆಸುವುದು ಕಷ್ಟದ ಕೆಲಸವಲ್ಲ, ಆದರೆ ಸಲೀಸೂ ಅಲ್ಲ. ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯ ಅನೇಕ ಗಣಕಗಳಲ್ಲಿ ಮುಚ್ಚಿರುತ್ತದೆ; ಗಣಕ ಆರಂಭವಾಗುವ ಹೊತ್ತಿನಲ್ಲಿ ಬಯಾಸ್‌ಗೆ ಹೋಗಿ ತೆರೆಯಬೇಕು. ಒಳಗಿನ ಫೋನಿಗೆ 2ರಿಂದ 4 ಜಿಬಿ ಮೆಮೊರಿ ಬಿಟ್ಟುಕೊಡಬೇಕಾದ್ದರಿಂದ, ಒಟ್ಟು 4 ಜಿಬಿ ಮಾತ್ರ ಇರುವ ಹಳೆಯ ಗಣಕ ಏದುಸಿರು ಬಿಡುತ್ತದೆ. 8 ಜಿಬಿ ಇದ್ದರೆ ಕೆಲಸ ಸಾಗುತ್ತದೆ. ಹೆಚ್ಚಿನ ಫೋನುಗಳ ಪ್ರೊಸೆಸರು ಆರ್ಮ್ ಜಾತಿಯದು, ಸಾಮಾನ್ಯ ಪಿಸಿಯದು ಬೇರೆ ಜಾತಿಯದು. ಆರ್ಮ್‌ಗೆಂದೇ ಬರೆದ ಭಾಗಗಳಿರುವ ಆ್ಯಪನ್ನು ನಡುವೆ ಅನುವಾದಿಸುತ್ತ ಹೋಗಬೇಕು. ಆಗ ವೇಗ ಕುಗ್ಗುತ್ತದೆ, ಕೆಲವೊಮ್ಮೆ ಆ್ಯಪ್ ನಿಂತೇ ಹೋಗುತ್ತದೆ. ಒಳಗಿನ ಫೋನಿಗೆ ಸಿಮ್ ಇರುವುದಿಲ್ಲ. ಆದ್ದರಿಂದ ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ನೋಂದಣಿ ಮಾಡಿಕೊಳ್ಳುವ ಹಣ ಪಾವತಿ ಆ್ಯಪ್‌ಗಳು ಅಲ್ಲಿ ನಡೆಯುವುದಿಲ್ಲ.

ಚಂದ್ರಗುತ್ತಿಯಲ್ಲಿದ್ದೇನೆ ಎನ್ನುವ ಗಣಕ

ಮೇಜಿನ ಮೇಲಿನ ಗಣಕಕ್ಕೆ ಜಿಪಿಎಸ್ ಇರುವುದಿಲ್ಲ. ಹಾಗಾಗಿ ಒಳಗಿನ ಫೋನಿಗೆ ಅದು ಎಲ್ಲಿದೆ ಎಂಬುದನ್ನು ಬಳಕೆದಾರನೇ ಹೇಳಬೇಕು. ಇದು ಕಳ್ಳದಾರಿಯಲ್ಲ, ಆ್ಯಪ್ ಬರೆಯುವವರು ಹತ್ತಾರು ಊರುಗಳಲ್ಲಿ ಅದು ಹೇಗೆ ವರ್ತಿಸುತ್ತದೆಂದು ಕುಳಿತಲ್ಲಿಂದಲೇ ಪರೀಕ್ಷಿಸಲೆಂದು ಗೂಗಲ್ ತಾನೇ ಕೊಟ್ಟಿರುವ ಸೌಲಭ್ಯ. ಅಕ್ಷಾಂಶ ರೇಖಾಂಶಗಳನ್ನು ತುಂಬಿದರೆ ಬೆಂಗಳೂರಿನ ಕೋಣೆಯೊಂದರ ಗಣಕ ತಾನು ಚಂದ್ರಗುತ್ತಿ ಬೆಟ್ಟದ ಬುಡದಲ್ಲಿದ್ದೇನೆ ಎನ್ನುತ್ತದೆ. ಕ್ಯಾಮೆರಾ ಕೇಳಿದರೆ ಕೃತಕ ಕೋಣೆಯೊಂದರ ಚಿತ್ರವನ್ನೂ ತೋರಿಸುತ್ತದೆ.

ಇದರ ಅರ್ಥ ಈ ತಾಲೂಕುಗಳ ಸಮೀಕ್ಷೆಗಳಲ್ಲಿ ಇಂಥ ಮೋಸ ನಡೆದಿದೆ ಎಂದಲ್ಲ. ಅರ್ಥ ಇಷ್ಟೇ: ಸ್ಥಳ, ಸಮಯ, ಚಿತ್ರ ಎಂದು ನಾವು ಫೋನಿನ ಸಾಕ್ಷ್ಯವಾಗಿ ಸ್ವೀಕರಿಸುವುದೆಲ್ಲ ಒಂದು ತಂತ್ರಾಂಶ ಇನ್ನೊಂದು ತಂತ್ರಾಂಶಕ್ಕೆ ಕೊಟ್ಟ ಹೇಳಿಕೆ. ಹೇಳಿಕೆಯ ಹಿಂದೆ ಹೊಲವೂ ಇರಬಹುದು, ಬರಿಯ ಮೇಜೂ ಇರಬಹುದು.

ಮೋಸಕ್ಕೆ ಇಷ್ಟೊಂದು ವಿದ್ಯೆಯೂ ಬೇಕಿಲ್ಲ ಎಂಬುದಕ್ಕೆ ಉದ್ಯೋಗ ಖಾತ್ರಿಯ ಹಾಜರಾತಿ ಆ್ಯಪ್ ನಿದರ್ಶನ. 2021ರ ಮೇ ತಿಂಗಳಲ್ಲಿ ಬಂದ ಎನ್‌ಎಂಎಂಎಸ್ ಆ್ಯಪ್ 2023ರ ಜನವರಿ 1ರಿಂದ ದೇಶವ್ಯಾಪಿ ಕಡ್ಡಾಯವಾಯಿತು. 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರಗಳನ್ನು ಹಾಕುವುದು, ಚಿತ್ರದ ಮೇಲೆ ಚಿತ್ರ ತೆಗೆಯುವುದು ಮುಂತಾದ ದುರ್ಬಳಕೆಗಳನ್ನು ಪಟ್ಟಿ ಮಾಡಿತು. ಯಂತ್ರ ತಂದದ್ದು ಮನುಷ್ಯನ ಮೇಲೆ ನಂಬಿಕೆಯಿಲ್ಲವೆಂದು; ಕೊನೆಗೆ ಯಂತ್ರ ಕಳಿಸಿದ ಚಿತ್ರಗಳನ್ನು ಪರಿಶೀಲಿಸಲು ಮತ್ತೆ ಮನುಷ್ಯರನ್ನೇ ನೇಮಿಸಬೇಕಾಯಿತು.

ಬಾಗಿಲು ಮುಚ್ಚಿದರೆ ಸಾಕೇ?

ಇದಕ್ಕೆ ತಂತ್ರಜ್ಞರ ಉತ್ತರ ಸಿದ್ಧವಿದೆ. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ವ್ಯವಸ್ಥೆಯ ನೆರವಿನಿಂದ ಆ್ಯಪ್ ತಾನಿರುವುದು ನಿಜವಾದ ಫೋನಿನಲ್ಲೋ ಅಲ್ಲವೋ ಎಂದು ವಿಚಾರಿಸಿಕೊಳ್ಳಬಹುದು. ಅಲ್ಲವೆಂದು ಕಂಡರೆ ತೆರೆದುಕೊಳ್ಳದಿರಬಹುದು. ಬ್ಯಾಂಕುಗಳ ಆ್ಯಪ್‌ಗಳು ಇಂಥ ತಡೆಗಳನ್ನು ಹಾಕಿಕೊಂಡಿವೆ. ಜಮೀನಿನ ಎಲ್ಲೆ ಗುರುತಿಸುವ ಆ್ಯಪಿಗೂ ಇಂಥ ಕಾವಲು ಇರಬೇಕಾದುದೇ.

ಆದರೆ ಈ ಕಾವಲಿಗೆ ಎರಡು ಮಿತಿಗಳಿವೆ. ಮೊದಲನೆಯದು, ನಿಜವಾದ ಫೋನಿನಲ್ಲೂ ಸ್ಥಳವನ್ನು ತಪ್ಪಾಗಿ ಹೇಳಿಸುವ ದಾರಿಗಳಿವೆ. ಆದ್ದರಿಂದ ವರ್ಚುವಲ್ ಮಷಿನ್ ಅನ್ನು ಹೊರಗಿಟ್ಟ ಮಾತ್ರಕ್ಕೆ ಸಾಕ್ಷ್ಯ ಗಟ್ಟಿಯಾಗುವುದಿಲ್ಲ. ಎರಡನೆಯದು ಹೆಚ್ಚು ಗಂಭೀರ. ಮೋಸಗಾರನೊಂದಿಗೆ ಪ್ರಾಮಾಣಿಕನೂ ಹೊರಗುಳಿಯುತ್ತಾನೆ.

ಈ ಪ್ರಾಮಾಣಿಕರು ಯಾರು? ಸ್ಮಾರ್ಟ್‌ಫೋನ್ ಇಲ್ಲದ, ಇದ್ದರೂ ಸಣ್ಣ ಪರದೆಯ ಅಕ್ಷರ ಕಾಣದ ವೃದ್ಧ ರೈತ ಒಬ್ಬ. ಆತ ಪಟ್ಟಣಕ್ಕೆ ಬಂದು ಗಣಕ ಕೇಂದ್ರದಲ್ಲಿ ಕುಳಿತು ತನ್ನ ಅರ್ಜಿಯ ಸ್ಥಿತಿ ನೋಡಬಯಸುತ್ತಾನೆ; ಸೇವೆ ಆ್ಯಪ್‌ನಲ್ಲಿ ಮಾತ್ರ ಇದ್ದರೆ ಕೇಂದ್ರದವನ ಸ್ವಂತ ಫೋನೇ ಗತಿ. ಹೊಸ ಫೋನು ಕೊಳ್ಳಲಾಗದೆ ಕಾಲೇಜಿನ ಗಣಕದಲ್ಲೇ ಆ್ಯಪ್ ಬರೆಯಲು ಕಲಿಯುವ ಶಿಕಾರಿಪುರದ ವಿದ್ಯಾರ್ಥಿನಿ ಇನ್ನೊಬ್ಬಳು. ಸರ್ಕಾರಿ ಆ್ಯಪ್ ರೈತನ ಫೋನಿನಿಂದ ಏನೇನು ಮಾಹಿತಿ ಎತ್ತಿಕೊಳ್ಳುತ್ತದೆಂದು ಪ್ರತ್ಯೇಕ ಯಂತ್ರದಲ್ಲಿಟ್ಟು ಪರೀಕ್ಷಿಸಬಯಸುವ ಸಾರ್ವಜನಿಕ ಹಿತಾಸಕ್ತಿಯ ಎಂಜಿನಿಯರ್ ಮತ್ತೊಬ್ಬ. ಇವರಿಗೆಲ್ಲ ಗಣಕದೊಳಗಿನ ಫೋನು ಮೋಸದ ಸಾಧನವಲ್ಲ, ಅಗತ್ಯ.

ಗಣಕ ಕೇಂದ್ರಗಳ ವಿಷಯದಲ್ಲಿ ಎಚ್ಚರವೂ ಬೇಕು. ಹಲವರು ಬಳಸುವ ಒಂದೇ ವರ್ಚುವಲ್ ಫೋನಿನಲ್ಲಿ ಒಬ್ಬನ ಆಧಾರ್ ವಿವರ, ಇನ್ನೊಬ್ಬನ ಒಟಿಪಿ, ಮೂರನೆಯವನ ಗೂಗಲ್ ಖಾತೆ ಉಳಿದುಹೋಗುವ ಅಪಾಯ ಕಣ್ಣಿಗೆ ಕಾಣುವಂಥದು. ವರ್ಚುವಲ್ ಮಷಿನ್‌ನ ಒಂದು ಗುಣವೆಂದರೆ ಅದರ ಸ್ವಚ್ಛ ಸ್ಥಿತಿಯನ್ನು ಮೊದಲೇ ಉಳಿಸಿಟ್ಟುಕೊಂಡು, ಪ್ರತಿ ಗಿರಾಕಿಯ ಕೆಲಸ ಮುಗಿದೊಡನೆ ಆ ಸ್ಥಿತಿಗೆ ಹಿಂದಿರುಗಬಹುದು. ಕೈಯಲ್ಲಿರುವ ಫೋನಿಗೆ ಈ ಸೌಕರ್ಯ ಅಷ್ಟು ಸುಲಭವಲ್ಲ. ಆದರೆ ಹಾಗೆ ಮಾಡಬೇಕೆಂದು ಕೇಂದ್ರ ನಡೆಸುವವರಿಗೆ ಯಾರಾದರೂ ಹೇಳಿಕೊಡಬೇಕಷ್ಟೆ.

ನೌಕರರ ಕೈಯಲ್ಲಿ

ಇನ್ನೊಂದು ಪಕ್ಷ ಗ್ರಾಮ ಆಡಳಿತ ಅಧಿಕಾರಿಗಳದು. 2024ರ ಸೆಪ್ಟೆಂಬರಿನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ರಾಜ್ಯದಾದ್ಯಂತ ಇವರು ಮುಷ್ಕರ ಹೂಡಿದಾಗ ಮುಂದಿಟ್ಟ ಮುಖ್ಯ ದೂರುಗಳಲ್ಲಿ ಆ್ಯಪ್‌ಗಳ ಹೊರೆಯೂ ಒಂದು. ಹದಿನೈದಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕು, ಅದಕ್ಕೆ ತಕ್ಕ ಮೊಬೈಲು, ಲ್ಯಾಪ್‌ಟಾಪು, ಅಂತರ್ಜಾಲ ಸೌಲಭ್ಯವನ್ನು ಸರ್ಕಾರ ಕೊಟ್ಟಿಲ್ಲ ಎಂಬುದು ಅವರ ಅಳಲು. ಇವುಗಳಲ್ಲಿ ಹೊಲದಲ್ಲೇ ನಿಂತು ಮಾಡಬೇಕಾದ ಕೆಲಸಗಳೂ ಇವೆ, ಕಚೇರಿಯಲ್ಲಿ ಕುಳಿತು ಮಾಡಬಹುದಾದ ದಾಖಲೆ ಕೆಲಸಗಳೂ ಇವೆ. ಎರಡನೆಯದಕ್ಕೆ ದೊಡ್ಡ ಪರದೆ, ಕೀಲಿಮಣೆ ಇದ್ದರೆ ತಪ್ಪು ಕಡಿಮೆ. ಅದಕ್ಕೆ ಮೊಬೈಲೇ ಏಕೆ ಬೇಕು ಎಂದು ಕೇಳಿದರೆ ಸಮರ್ಪಕ ಉತ್ತರವಿಲ್ಲ.

ಇಲ್ಲಿಯೇ ಪರಿಹಾರದ ಸುಳಿವಿದೆ. ಸ್ಥಳದಲ್ಲಿರಲೇಬೇಕಾದ ಕೆಲಸ, ಸ್ಥಳಕ್ಕೆ ಸಂಬಂಧವಿಲ್ಲದ ಕೆಲಸ ಎಂದು ಎರಡನ್ನೂ ಬೇರ್ಪಡಿಸಬೇಕು. ಅರ್ಜಿಯ ಸ್ಥಿತಿ, ತಿದ್ದುಪಡಿ, ಆಕ್ಷೇಪಣೆ, ದಾಖಲೆ ವೀಕ್ಷಣೆ ಇವೆಲ್ಲ ಯಾವುದೇ ಗಣಕದಲ್ಲಿ ತೆರೆಯುವ ಜಾಲತಾಣದಲ್ಲಿ ದೊರೆಯಬೇಕು. ಆಗ ಗಣಕದೊಳಗೆ ಫೋನನ್ನು ತುರುಕುವ ಪ್ರಮೇಯವೇ ಬಾರದು. ಪಿಎಂ-ಕಿಸಾನ್ ಯೋಜನೆಯ ಇ-ಕೆವೈಸಿ ಇದಕ್ಕೆ ಮಾದರಿ. ಅಲ್ಲಿ ಜಾಲತಾಣದಲ್ಲಿ ಒಟಿಪಿ, ಸೇವಾ ಕೇಂದ್ರದಲ್ಲಿ ಬೆರಳಚ್ಚು, 2023ರಿಂದ ಆ್ಯಪ್‌ನಲ್ಲಿ ಮುಖ ಗುರುತು ಎಂದು ಮೂರು ದಾರಿಗಳನ್ನು ಇಡಲಾಯಿತು. ಒಂದು ದಾರಿ ಮುಚ್ಚಿದವನಿಗೆ ಇನ್ನೊಂದು ತೆರೆದಿರುತ್ತದೆ.

ಸ್ಥಳದಲ್ಲಿರಲೇಬೇಕಾದ ಕೆಲಸಕ್ಕೆ ಫೋನಿನ ಹೇಳಿಕೆಯೊಂದೇ ಸಾಲದು. ನ್ಯಾಯಾಲಯವೂ ವಿದ್ಯುನ್ಮಾನ ದಾಖಲೆಯನ್ನು ಸುಮ್ಮನೆ ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣ ಅಂಥ ದಾಖಲೆಯೊಂದಿಗೆ ಪ್ರಮಾಣಪತ್ರ ಕೇಳುತ್ತದೆ. ಅದರಲ್ಲಿ ತಜ್ಞನ ಸಹಿಯೂ ಇರಬೇಕು. ನ್ಯಾಯಾಲಯಕ್ಕೆ ಬೇಕಾದ ಈ ಎಚ್ಚರ ತಾಲೂಕು ಸಮಿತಿಗೂ ಬೇಕಲ್ಲವೇ? ಆ್ಯಪ್ ಗುರುತಿಸಿದ ಎಲ್ಲೆಯ ನಕಾಶೆಯನ್ನು ಮುದ್ರಿಸಿ ಅರ್ಜಿದಾರನ ಕೈಗೆ ಕೊಡುವುದು, ನೆರೆಹೊರೆಯ ಹಿಡುವಳಿದಾರರ ಸಮಕ್ಷಮ ಮಹಜರು ನಡೆಸುವುದು, ಆಕ್ಷೇಪಣೆಗೆ ಕಾಲಾವಕಾಶ ಕೊಡುವುದು, ಇವು ಹಳೆಯ ಕ್ರಮಗಳಾದರೂ ಇವಕ್ಕೆ ಪರ್ಯಾಯವನ್ನು ಯಾವ ಆ್ಯಪೂ ತಂದಿಲ್ಲ.

ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ, ತಾಳಗುಂದದಲ್ಲಿ ಶಾಸನಗಳನ್ನು ಕಂಡವರಿಗೆ ಈ ಮಾತು ಹೊಸದಲ್ಲ. ದಾನಶಾಸನಗಳು ಭೂಮಿ ಕೊಟ್ಟವರ ಹೆಸರನ್ನಷ್ಟೇ ಹೇಳಿ ಸುಮ್ಮನಾಗುತ್ತಿರಲಿಲ್ಲ. ಭೂಮಿಯ ಎಲ್ಲೆಗಳನ್ನೂ ಊರಿನವರ ಎದುರು ಕಲ್ಲಿನಲ್ಲಿ ಬರೆಸಿ ನಿಲ್ಲಿಸುವ ಪದ್ಧತಿಯಿತ್ತು. ಓದಲು ಬಾರದವನಿಗೂ ಕಲ್ಲು ಎಲ್ಲಿದೆಯೆಂದು ಗೊತ್ತಿತ್ತು. ಇಂದಿನ ಎಲ್ಲೆ ದೂರದ ಸರ್ವರ್‌ನಲ್ಲಿದೆ. ಅದನ್ನು ಅಲ್ಲಿಗೆ ಕಳಿಸಿದ್ದು ಹೊಲದಲ್ಲಿ ನಿಂತ ಫೋನೋ, ಮೇಜಿನ ಮೇಲಿನ ಗಣಕವೋ ಎಂದು ಉಳುವವನಿಗೆ ತಿಳಿಯದು.

ಮೊಬೈಲ್ ಆ್ಯಪ್‌ಗಳಿಂದ ಕಡತಗಳ ಧೂಳು ಕೊಡವಿದಂತಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಕಚೇರಿಯಲ್ಲಿ ಕುಳಿತು ಬರೆಯುತ್ತಿದ್ದ ಬೆಳೆ ಕಾಲಂಗಿಂತ ಹೊಲಕ್ಕೆ ಹೋಗಿ ತೆಗೆದ ಚಿತ್ರ ಮೇಲು. ಆದರೆ ಫೋನೆಂಬುದು ಗಣಕದೊಳಗೂ ಇರಬಲ್ಲ ತಂತ್ರಾಂಶ ಎಂದು ಗೊತ್ತಾದ ಮೇಲೆ, ಅದರ ಮಾತೊಂದನ್ನೇ ನೆಚ್ಚಿ ಮೂವತ್ತು ವರ್ಷ ಕಾದವನ ಅರ್ಜಿಯನ್ನು ಮಂಜೂರು ಮಾಡುವುದೂ ತಪ್ಪು, ತಿರಸ್ಕರಿಸುವುದೂ ತಪ್ಪು. ಬಗರ್‌ಹುಕುಂ ಸಮಿತಿಗಳು ಮುಂದಿನ ಕಡತ ಕೈಗೆತ್ತಿಕೊಳ್ಳುವ ಮುನ್ನ ಇಷ್ಟನ್ನು ನೆನಪಿಟ್ಟುಕೊಂಡರೆ ಎರಡೂ ತಾಲೂಕುಗಳ ರೈತರಿಗೆ ಅದರಿಂದ ಉಪಕಾರವಾದೀತು.