ಸ್ಪೀಕರಿನ ಕಾಲ ಕೆಳಗೆ

ರಬಕವಿ-ಬನಹಟ್ಟಿಯ ನೇಕಾರರ ಓಣಿಯ ಒಂದು ಮನೆ ಎಂದುಕೊಳ್ಳಿ. ಪಡಸಾಲೆಗೆ ಪಾಲಿಶ್ ಮಾಡಿದ ಶಹಾಬಾದ್ ಫರಸಿ ಹಾಸಿದೆ. ಮಗ್ಗದ ದುಡಿಮೆಯಲ್ಲಿ ವರ್ಷಗಟ್ಟಲೆ ಉಳಿಸಿ ಹಾಕಿಸಿದ ನೆಲ ಅದು. ಹುಬ್ಬಳ್ಳಿಯಲ್ಲಿ ಓದುವ ಮಗ ರಜೆಗೆ ಬರುವಾಗ ಒಂದು ಜೋಡಿ ಹಳೆಯ ಹೈ-ಫೈ ಸ್ಪೀಕರ್ ತಂದಿದ್ದಾನೆ. ಸೊಂಟದೆತ್ತರದ ಪೆಟ್ಟಿಗೆಗಳು, ಒಂದೊಂದೂ 20 ಕೆ.ಜಿ. ಭಾರ. ಜೊತೆಗೆ ಪುಟ್ಟ ಚೀಲವೊಂದರಲ್ಲಿ ಎಂಟು ಉಕ್ಕಿನ ಮೊನೆಗಳು. ಮಗ ಅವನ್ನು ಪೆಟ್ಟಿಗೆಯ ತಳಕ್ಕೆ ತಿರುವಿ ಕೂಡಿಸುತ್ತಿದ್ದರೆ ಅಪ್ಪ ಬಾಗಿಲಲ್ಲೇ ನಿಂತು ಕೇಳುತ್ತಾರೆ:

"ಏನೋ ತಮ್ಮಾ, ನೆಲಕ್ಕ ಮೊಳಿ ಬಡ್ಯಾಕ ಹೊಂಟೀಯೇನು?"

"ಇಲ್ಲಪಾ, ಇವನ್ನ ಹಚ್ಚಿದ್ರ ಸೌಂಡ್ ಚಲೋ ಬರ್ತೈತಂತ."

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ ಮನೆಯ ಮಟ್ಟಿಗೆ ಅಪ್ಪನ ಆತಂಕವೇ ಹೆಚ್ಚು ಸರಿ.

ಆ ಮೊನೆಗಳ ಹುಟ್ಟಿನ ಕಾರಣವನ್ನು ಮೊದಲು ನೋಡೋಣ. ಚಳಿ ದೇಶಗಳಲ್ಲಿ ಮನೆಯ ನೆಲಕ್ಕೆಲ್ಲ ದಪ್ಪ ಕಾರ್ಪೆಟ್ ಹಾಸುವುದು ರೂಢಿ. ಸ್ಪೀಕರಿನ ಒಳಗಿನ ಕಾಗದದ ಶಂಕು ಹಿಂದೆ ಮುಂದೆ ಅಲುಗಿ ಸದ್ದು ಹೊರಡಿಸುವಾಗ, ಪೆಟ್ಟಿಗೆಯೂ ಅದಕ್ಕೆ ವಿರುದ್ಧವಾಗಿ ಅಲುಗಲು ನೋಡುತ್ತದೆ. ಮೆತ್ತನೆಯ ಕಾರ್ಪೆಟ್ಟಿನ ಮೇಲೆ ಎತ್ತರದ ಪೆಟ್ಟಿಗೆ ಓಲಾಡುತ್ತದೆ. ಚೂಪಾದ ಮೊನೆ ಕಾರ್ಪೆಟ್ಟಿನ ನೂಲುಗಳ ನಡುವೆ ಇಳಿದು ಕೆಳಗಿನ ಗಟ್ಟಿ ನೆಲವನ್ನು ಮುಟ್ಟಿದರೆ ಪೆಟ್ಟಿಗೆ ಭದ್ರವಾಗಿ ನಿಲ್ಲುತ್ತದೆ. ಮೊನೆಯ ಮುಖ್ಯ ಕೆಲಸ ಇಷ್ಟೇ. ನಮ್ಮ ಫರಸಿಯ ಮೇಲೆ ಕಾರ್ಪೆಟ್ಟೇ ಇಲ್ಲ, ನೆಲ ಮೊದಲೇ ಗಟ್ಟಿ. ಅಂದಮೇಲೆ ಮೊನೆಗೆ ಇಲ್ಲಿ ಕೆಲಸವೇನು?

ಕೆಲಸವಿಲ್ಲದಿದ್ದರೂ ಹಾನಿ ಇದೆ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ. 20 ಕೆ.ಜಿ. ಪೆಟ್ಟಿಗೆಗೆ ನಾಲ್ಕು ಮೊನೆ; ಒಂದೊಂದರ ಪಾಲಿಗೆ 5 ಕೆ.ಜಿ. ಮೊನೆಯ ತುದಿ 1 ಮಿಲಿಮೀಟರ್ ಅಡ್ಡಗಲ ಎಂದಿಟ್ಟುಕೊಂಡರೆ ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 637 ಕೆ.ಜಿ.! ಅದೇ ಮೊನೆಯ ಕೆಳಗೆ ಹತ್ತು ರೂಪಾಯಿ ನಾಣ್ಯದಷ್ಟು, ಅಂದರೆ 27 ಮಿಲಿಮೀಟರ್ ಅಗಲದ ಬಿಲ್ಲೆ ಇಟ್ಟರೆ ಒತ್ತಡ ಚದರ ಸೆಂಟಿಮೀಟರಿಗೆ 1 ಕೆ.ಜಿ.ಗೂ ಕಡಿಮೆ. ಅಡ್ಡಗಲ 27 ಪಟ್ಟು ಹೆಚ್ಚಿದರೆ ಕ್ಷೇತ್ರಫಲ 27ರ ವರ್ಗ, ಅಂದರೆ 729 ಪಟ್ಟು ಹೆಚ್ಚುತ್ತದೆ. ಭಾರ ಅಷ್ಟೇ ಇರುತ್ತದೆ, ಅದು ಹಂಚಿಹೋಗುವ ಜಾಗ ಮಾತ್ರ ಬದಲಾಗುತ್ತದೆ.

ಕಲ್ಲು ಉಕ್ಕಿಗಿಂತ ಗಟ್ಟಿ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಜರ್ಮನಿಯ ಖನಿಜ ವಿಜ್ಞಾನಿ ಫ್ರೀಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗಿನ ಅಳತೆ ಕೊಟ್ಟ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರಲ್ಲಿರುವ ಕ್ಯಾಲ್ಸೈಟ್ ಈ ಅಳತೆಯಲ್ಲಿ 3. ಉಕ್ಕಿನ ಚಾಕು ಸುಮಾರು 5.5. ಹಾಗಾಗಿ ಮೊನೆ ಗೀರಿದರೆ ಗೆರೆ ಬೀಳುವುದು ಕಲ್ಲಿನ ಮೇಲೆಯೇ. ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸಿದ ಮನೆಯವರು ಇಷ್ಟು ಹೆದರಬೇಕಿಲ್ಲ. ಅದರಲ್ಲಿರುವ ಬೆಣಚು 7ರಷ್ಟು ಗಡಸು. ಟೈಲ್ಸ್ ಸುಲಭವಾಗಿ ಗೀರುವುದಿಲ್ಲ, ಆದರೆ ಒಡೆಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಕೆಳಗೆ ಗಾರೆ ತುಂಬಿಲ್ಲ ಎಂದರ್ಥ. ಅಲ್ಲಿ ಭಾರ ಇಡಬೇಡಿ. ಕೆಂಪು ಗಾರೆಯ ನೆಲದಲ್ಲಂತೂ ಬಣ್ಣದ ಪದರ ತೆಳ್ಳಗೆ. ಒಮ್ಮೆ ಕಿತ್ತರೆ ಅದೇ ಬಣ್ಣ ಮತ್ತೆ ಕೂಡುವುದು ಕಷ್ಟ.

ಈ ಊರಿನವರಿಗೆ ಇದೆಲ್ಲ ಹೊಸತೇನಲ್ಲ. ವಿದ್ಯುತ್ ಮಗ್ಗದ ಲಾಳಿ ಆ ಕಡೆ ಈ ಕಡೆ ಬಡಿಯುವಾಗ ಇಡೀ ಮಗ್ಗವೇ ಅದುರುತ್ತದೆ. ಆ ಪೆಟ್ಟು ನೇರವಾಗಿ ನೆಲಕ್ಕೆ ಇಳಿಯದಿರಲೆಂದು ಮಗ್ಗದ ಅಗಲವಾದ ಪಾದದ ಕೆಳಗೆ ಫೆಲ್ಟಿನ ಅಥವಾ ರಬ್ಬರಿನ ತುಂಡು ಇಡುವ ಪದ್ಧತಿ ಇದೆ. ಮಗ್ಗದ ಪಾದಕ್ಕೆ ತೋರುವ ಈ ಜಾಣತನವನ್ನೇ ಸ್ಪೀಕರಿನ ಪಾದಕ್ಕೂ ತೋರಿದರೆ ಸಾಕು.

ಹೀಗೆ ಮಾಡಿ. ಮೊದಲು ಪೆಟ್ಟಿಗೆ ನಿಲ್ಲುವ ಜಾಗವನ್ನು ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಒಂದು ಮರಳಿನ ಕಣ ಕೆಳಗೆ ಸಿಕ್ಕರೂ ಗೆರೆ ಬೀಳುತ್ತದೆ. ಮೊನೆಗಳನ್ನು ಬಿಚ್ಚಿಟ್ಟು, ತಳದ ನಾಲ್ಕು ಮೂಲೆಗೆ ದಪ್ಪ ಫೆಲ್ಟಿನ ತುಂಡು ಅಂಟಿಸಿ. ಕಪ್ಪು ರಬ್ಬರ್ ಬೇಡ. ಬಹಳ ದಿನ ಒಂದೇ ಕಡೆ ನಿಂತರೆ ಅದರ ಎಣ್ಣೆಯಂಶ ಕಲ್ಲಿಗೆ ಇಳಿದು ಕಲೆ ಉಳಿಯಬಹುದು. ಮೊನೆ ಬೇಕೇ ಬೇಕೆಂದರೆ ಲೇತ್ ಅಂಗಡಿಯಲ್ಲಿ ನಡುವೆ ಸಣ್ಣ ಕುಳಿಯಿರುವ ಹಿತ್ತಾಳೆ ಬಿಲ್ಲೆ ಮಾಡಿಸಿ, ಅದರ ತಳಕ್ಕೆ ಫೆಲ್ಟ್ ಅಂಟಿಸಿ, ಮೊನೆಯನ್ನು ಕುಳಿಯಲ್ಲಿ ಕೂಡಿಸಿ.

ಪೆಟ್ಟಿಗೆಯನ್ನು ಒಬ್ಬರೇ ಎಳೆದು ಸರಿಸಬೇಡಿ, ಇಬ್ಬರು ಎತ್ತಿ ಇಡಿ. ನಂತರ ಮೇಲಿನ ಮೂಲೆಯನ್ನು ಮೆಲ್ಲಗೆ ಒತ್ತಿ ನೋಡಿ. ಫರಸಿ ಸಂಪೂರ್ಣ ಸಮನಾಗಿರುವುದು ಅಪರೂಪ. ಮೂರು ಕಾಲು ಎಲ್ಲಿಟ್ಟರೂ ನಿಲ್ಲುತ್ತವೆ, ನಾಲ್ಕನೆಯದು ತೇಲುತ್ತದೆ. ತೇಲುವ ಕಾಲಿಗೆ ಇನ್ನೊಂದು ಪದರ ಫೆಲ್ಟ್ ಸೇರಿಸಿ. ಓಲಾಡುವ ಪೆಟ್ಟಿಗೆಯಿಂದ ಸದ್ದು ಕೆಡುತ್ತದೆ ಎಂಬುದು ಚಿಕ್ಕ ಮಾತು. ಅಂಬೆಗಾಲಿಡುವ ಕೂಸು ಹಿಡಿದು ನಿಂತರೆ 20 ಕೆ.ಜಿ. ಮೈಮೇಲೆ ಬೀಳುತ್ತದೆ ಎಂಬುದು ದೊಡ್ಡ ಮಾತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪೆಟ್ಟಿಗೆಯ ಬೆನ್ನನ್ನು ಪಟ್ಟಿಯಿಂದ ಗೋಡೆಯ ಕೊಂಡಿಗೆ ಕಟ್ಟಿ. ವೈರನ್ನೂ ಕಾಲಿಗೆ ಸಿಗದಂತೆ ಗೋಡೆಯಂಚಿಗೇ ಹಾಯಿಸಿ.

ಇನ್ನು ಮಗನ "ಸೌಂಡ್ ಚಲೋ" ಎಂಬ ಆಸೆ. ಬರಿಯ ಕಲ್ಲಿನ ಕೋಣೆಯಲ್ಲಿ ಸದ್ದು ಕೆಡುವುದು ಹೆಚ್ಚಾಗಿ ನೆಲ, ಗೋಡೆಗಳಿಗೆ ಬಡಿದು ಹಿಂದಿರುಗುವ ದನಿಯಿಂದ. ಚಪ್ಪಾಳೆ ತಟ್ಟಿದರೆ ಝಣ್ ಎನ್ನುವುದೂ ಅದಕ್ಕೇ. ಪೆಟ್ಟಿಗೆಯನ್ನು ಗೋಡೆಯಿಂದ ಎರಡಡಿಯಷ್ಟು ಮುಂದೆ ಇಟ್ಟು, ಕೇಳುವವರಿಗೂ ಪೆಟ್ಟಿಗೆಗೂ ನಡುವೆ ಒಂದು ನವಲಗುಂದದ ಜಮಖಾನೆಯನ್ನೋ, ಅಜ್ಜಿ ಹೊಲಿದ ಕೌದಿಯನ್ನೋ ಹಾಸಿ ನೋಡಿ. ಹಳೆಯ ಸೀರೆಗಳ ಆ ಪದರಗಳು ಎಂಟು ಉಕ್ಕಿನ ಮೊನೆಗಳಿಗಿಂತ ಹೆಚ್ಚಿನ ಉಪಕಾರ ಮಾಡುತ್ತವೆ.

ಅಪ್ಪನ ನೆಲವೂ ಉಳಿಯುತ್ತದೆ, ಮಗನ ಹಾಡೂ ನಡೆಯುತ್ತದೆ. ಆ ಮೊನೆಗಳ ಚೀಲವನ್ನು ಮಾತ್ರ ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ.